ಥಟ್ಟನೆ ತೆರೆದುಕೊಂಡ ಪುಟ

ಅಂತರ್ಜಾಲ ವಿಸ್ತರಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ನಮ್ಮೂರಿನ ಕಂಬಕ್ಕೆ ತಾವು ಕಟ್ಟಿಸಿದ ಪೆಟ್ಟಿಗೆ ಒಬ್ಬ ಹೆಂಗಸಿನ ಗುಟ್ಟನ್ನು ಬಿಟ್ಟುಕೊಟ್ಟಿದೆ. ಅದನ್ನು ಬಾಯಿಬಿಟ್ಟು ಹೇಳಿದವನು ನಾನು. ಆದ್ದರಿಂದ ಈ ದೂರಿನಲ್ಲಿ ಆರೋಪಿಗಳು ಇಬ್ಬರು. ನನ್ನ ಹೆಸರನ್ನೇ ಮೊದಲು ಬರೆದುಕೊಳ್ಳಿ.

ಹೊಸ ಜಾಲ ಬಹಳ ಜಾಣ ಎಂದು ಉದ್ಘಾಟನೆಯ ದಿನ ಅಪ್ಪಣೆ ಕೊಡಿಸಿದಿರಿ. ಒಬ್ಬರು ಫೋನಿನಲ್ಲಿ ತರಿಸಿಕೊಂಡ ಪುಟದ ಪ್ರತಿ ಹದಿನೈದು ದಿನ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಮುಂದಿನವರಿಗೆ ತಕ್ಷಣ ಸಿಗುತ್ತದೆ, ಯಾರು ಕೇಳಿದರೆಂದು ಎಲ್ಲೂ ಬರೆದಿಡುವುದಿಲ್ಲ. ಎಂಥ ಮರ್ಯಾದಸ್ಥ ಪೆಟ್ಟಿಗೆ! ಆದರೆ ಸ್ವಾಮೀ, ಕಾಠ್ಮಂಡುವಿನಿಂದ ಬರುವ ಪುಟಕ್ಕೆ ಇಲ್ಲಿ ಒಂದು ನಿಮಿಷ ಕಾಯಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದರೆ ಊರಿನಲ್ಲಿ ಯಾರೋ ಆಗಲೇ ಅದನ್ನು ಓದಿದ್ದಾರೆ ಎಂದು ತಿಳಿಯಲು ಮೇಷ್ಟ್ರೇ ಆಗಬೇಕೆ?

ಜೇಠ ತಿಂಗಳಲ್ಲಿ ಯಾರ್ಸಾ ಎಂಬ ದುಬಾರಿ ಮದ್ದಿನ ಅಣಬೆ ಕೀಳಲು ಡೋಲ್ಪಾದ ನಮ್ಮ ಊರಿಗೆ ಊರೇ ಮೇಲಿನ ಹುಲ್ಲುಗಾವಲು ಹತ್ತುತ್ತದೆ, ಶಾಲೆಗೂ ಬೀಗ. ಈ ಸಲ ಕೆಳಗೆ ಉಳಿದವರಲ್ಲಿ ಫೋನಿದ್ದದ್ದು ಇಬ್ಬರಿಗೆ: ಕಾಲು ಉಳುಕಿಸಿಕೊಂಡ ನನಗೆ, ಅತ್ತೆಯನ್ನು ನೋಡಿಕೊಳ್ಳಲು ನಿಂತ ಧನ್‌ಸರಾಗೆ. ಹೊತ್ತು ಹೋಗದೆ ನಾನು ಒಂದೊಂದೇ ಪುಟ ತೆರೆದು, ಯಾವುದು ಬೇಗ ಬರುತ್ತದೆ ಎಂದು ನೋಡುತ್ತಾ ಕೂತೆ. ಕುಷ್ಠರೋಗದ ಪುಟ ಥಟ್ಟನೆ ಬಂತು. ಊರು ಮೇಲೆ ಹೋಗಿ ಹದಿನೈದು ದಿನ ದಾಟಿತ್ತು, ನಾನದನ್ನು ಹಿಂದೆ ತೆರೆದಿರಲಿಲ್ಲ; ಉಳಿದವಳು ಧನ್‌ಸರಾ ಒಬ್ಬಳೇ.

ಬಾಯಿ ಮುಚ್ಚಿಕೊಳ್ಳಬಹುದಿತ್ತು. ನಲ್ಲಿಯ ಬಳಿ ಸಿಕ್ಕ ಅವಳ ಅತ್ತೆಗೆ, ಕಾಳಜಿಯ ಸೋಗು ಹಾಕಿ, ಹೇಳಿಯೇಬಿಟ್ಟೆ.

"ಅದಕ್ಕೇ ಮತ್ತೆ! ಕಾದ ಕಾವಲಿ ಮುಟ್ಟಿದ್ರೂ ಕೈ ಎಳ್ಕೊಳ್ತಿರ್ಲಿಲ್ಲ, ಬಿಕನಾಸಿ!" ಎಂದಳು ಮುದುಕಿ. ಅಂದೇ ಧನ್‌ಸರಾಳ ತಟ್ಟೆ, ಕಂಬಳಿ ಎರಡೂ ಕೊಟ್ಟಿಗೆಗೆ ಹೋದವು.

ನಾಚಿಕೆಯಿಂದ ಸತ್ತು, ಕ್ಷಮೆ ಕೇಳಲು ಹೋದೆ. ವಾಸಿಯಾಗುವ ಕಾಯಿಲೆ ಕಣಮ್ಮ, ಗುಳಿಗೆ ಪುಕ್ಕಟೆ ಕೊಡುತ್ತಾರೆ ಎಂದೆ.

"ಅರ್ಧ ಓದಿದ್ದೆ ಮೇಷ್ಟ್ರೇ. ಮಿಕ್ಕಿದ್ದನ್ನ ನೀವೇ ಊರಿಗೆ ಓದಿ ಹೇಳಿದ್ರಲ್ಲ. ಇನ್ನು ಆ ಫೋನು ಮುಟ್ಟಿದ್ರೆ ಕೇಳಿ."

ಗುಳಿಗೆ ಎಲ್ಲಿ ಸಿಗುತ್ತದೆಂದು ನಾನು ಹೇಳುವ ಮೊದಲೇ ಕದ ಹಾಕಿಕೊಂಡಳು. ತಡವಾದಷ್ಟೂ ಬೆರಳುಗಳು ಮುರುಟುತ್ತವೆ. ಅದೂ ಆ ಪುಟದಲ್ಲೇ ಇದೆ.

ತಮ್ಮ ಪೆಟ್ಟಿಗೆ ಇನ್ನೂ ನಲವತ್ತು ಊರಿಗೆ ಹೊರಟಿದೆಯಂತೆ. ಹೊರಡುವ ಮುನ್ನ ಅದಕ್ಕೆ ಸ್ವಲ್ಪ ಸಂಕೋಚ ಕಲಿಸಿ. ರೋಗ, ಬಸಿರು, ವಿಚ್ಛೇದನದ ಪುಟಗಳನ್ನು ಅದು ಇಟ್ಟುಕೊಳ್ಳಕೂಡದು. ಇಟ್ಟುಕೊಂಡರೂ ಎಲ್ಲರನ್ನೂ ಒಂದೇ ಸಮ ಕಾಯಿಸಲಿ. ಒಂದು ನಿಮಿಷ ಕಾದದ್ದಕ್ಕೆ ಯಾರೂ ಕೊಟ್ಟಿಗೆ ಸೇರುವುದಿಲ್ಲ.

ಗುಳಿಗೆ ಎಲ್ಲಿ ಸಿಗುತ್ತದೆ ಎಂಬುದಕ್ಕೆ ಬೇರೆಯೇ ಪುಟವಿದೆ. ಊರು ಇನ್ನೂ ಮೇಲೆಯೇ ಇದೆ. ಧನ್‌ಸರಾ ಅದನ್ನು ಓದಿದಳೇ ಎಂದು ತಿಳಿಯಲು ನಾನೊಮ್ಮೆ ತೆರೆದರೆ ಸಾಕು. ದಿನವೂ ಬೆರಳು ಅಲ್ಲಿಯವರೆಗೆ ಹೋಗುತ್ತದೆ. ಥಟ್ಟನೆ ಬರುವಂತಿರಲಿ ದೇವರೇ ಎಂದು ಬೇಡಿಕೊಳ್ಳುತ್ತೇನೆ, ತೆರೆಯುವುದಿಲ್ಲ.

ಇಂತಿ,
ತಮ್ಮ ಪೆಟ್ಟಿಗೆಗೆ ನಾಲಿಗೆಯಾದವನು,
ಹರ್ಕಬಹಾದುರ ರೋಕಾಯ, ಶಾಲಾ ಮೇಷ್ಟ್ರು