ತೂತಾಗದ ಗೂಡು

ರಾಮನಗರ
12 ನವೆಂಬರ್ 2006

ಬಾಯಿ ಜೋರಿನ ನನ್ನ ಗೆಳತಿ ಲಚ್ಚಿಗೆ,

ಮುನವ್ವರಾಳ ಸಲಾಮು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಕಾಗದವಾದರೆ ಕೊನೆಯವರೆಗೂ ಕೇಳಲೇಬೇಕು.

ನನ್ನ ಎದೆಯಿಂದ ತೆಗೆದ ಗಂಟಿನ ವರದಿ ಬಂತು. ಕ್ಯಾನ್ಸರ್ ಹೌದು. ಆದರೆ ಹರಡಿಲ್ಲ.

ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ಅದು ಹುಟ್ಟುವುದು ಹಾಲಿನ ನಾಳದೊಳಗಂತೆ. ಸುತ್ತ ತೆಳುವಾದ ಗೋಡೆ. ಎಂಜೈಮ್ ಎಂಬ ರಸ ಆ ಗೋಡೆಯನ್ನು ಕರಗಿಸಿದರೆ ಕೆಟ್ಟ ಜೀವಕೋಶಗಳು ಹೊರಬಿದ್ದು ಮೈಯೆಲ್ಲ ಸುತ್ತುತ್ತವೆ. ನನ್ನವು ಇನ್ನೂ ಗೋಡೆಯೊಳಗೇ ಇದ್ದವು.

ನನಗೆ ನಗು ಬಂತು, ಅವರಿಗೆ ಗಾಬರಿ. ರೇಷ್ಮೆ ಚಿಟ್ಟೆಯೂ ಹೀಗೆಯೇ ಬಾಯಿಂದ ರಸ ಬಿಟ್ಟು ಗೂಡು ಕರಗಿಸಿಕೊಂಡು ಬರುತ್ತದೆ, ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು, ಅದಕ್ಕೇ ನಾವು ಮೊದಲೇ ಹಬೆಗೆ ಹಾಕುತ್ತೇವೆ ಎಂದೆ. ಅವರೂ ನಕ್ಕುಬಿಟ್ಟರು.

ಗಂಟಿನ ವಿಷಯ ನಿನಗೆ ಹೇಳಿದ ದಿನ ನಮ್ಮ ಮನೆ ತುಂಬ ಗೂಡಿತ್ತು. ಈ ನೂಲು ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದೆ. ನೀನು ಮಾರುಕಟ್ಟೆಯಲ್ಲಿ ನಿನ್ನ ಗೂಡು ಹಾಕಿ ಬಂದವಳು, ಬಾಗಿಲಲ್ಲೇ ನಿಂತು ಬೈದೆ: "ಗೂಡು ಒಂದಿನ ತಡ ಆದ್ರೆ ಬಾಯ್ ಬಾಯ್ ಬಡ್ಕೊಂತೀಯ. ನಿನ್ ಮೈ ಏನ್ ಕಾಯ್ಕೊಂಡ್ ಕೂತಿರ್ತದಾ? ಎದ್ದೇಳೇ."

ಎದ್ದೆ. ಅದಕ್ಕೇ ಇವತ್ತು ಈ ಕಾಗದ ಬರೆಯುತ್ತಿದ್ದೇನೆ.

ನಮ್ಮವರ ಅವತಾರ ಕೇಳು. ಮುಕ್ತಿಯಾರ್ ಸಾಹೇಬರು ವರದಿಯನ್ನು ಕಿವಿಯ ಹತ್ತಿರ ಹಿಡಿದು, ಗೂಡು ಅಲ್ಲಾಡಿಸಿ ನೋಡುವ ಹಾಗೆ ಅಲ್ಲಾಡಿಸಿದರು. ಸರಕು ಚೆನ್ನಾಗಿದೆ ಎಂದರು. ಆಮೇಲೆ ಒಲೆ ಆರಿಸಿ ಕೆಲಸದವರಿಗೆಲ್ಲ ರಜೆ ಕೊಟ್ಟು, ತಾವು ಮೂಲೆಯಲ್ಲಿ ಕೂತು ಅತ್ತರು.

ಇನ್ನು ಎದೆಗೆ ಕರೆಂಟು, ಅದೇ ರೇಡಿಯೇಷನ್, ಕೊಡಿಸಿಕೊಳ್ಳಲು ಬೆಂಗಳೂರಿಗೆ ಓಡಾಟ. ರೈಲಿಗೆಂದು ಬಂಗಾಳಿಯಿಂದ ಕನ್ನಡಕ್ಕೆ ಬಂದ ದಪ್ಪ ಕಾದಂಬರಿಯೊಂದನ್ನು ಲೈಬ್ರರಿಯಿಂದ ತಂದಿದ್ದೇನೆ. ಅದನ್ನು ಅರ್ಧಕ್ಕೆ ಬಿಡುವ ಉದ್ದೇಶವಿಲ್ಲ.

ಮತ್ತೆ ಹೊಟ್ಟೆ ತುಂಬ ಉಣ್ಣುತ್ತಿರುವ
ಮುನವ್ವರಾ

ಮರೆತು ಉಳಿದದ್ದಲ್ಲ, ಬೇಕೆಂದೇ ಕೊನೆಗೆ ಇಟ್ಟದ್ದು: ಅವತ್ತು ನೀನು ನನ್ನನ್ನು ಕರೆದುಕೊಂಡು ಹೋದ ಆಸ್ಪತ್ರೆಯಲ್ಲಿ ನರ್ಸು ನಿನ್ನನ್ನೂ ಪರೀಕ್ಷೆಗೆ ಕರೆದಾಗ, ನೀನು ಹುಳಕ್ಕೆ ಸೊಪ್ಪು ಹಾಕಬೇಕೆಂದು ಓಡಿದೆ. ನಿನ್ನ ಕೈ ಎಡಗಡೆ ಎದೆಯ ಸೆರಗಿನ ಮೇಲೇ ಇತ್ತು. ನಾನು ನೋಡಿದೆ. ಗುರುವಾರಕ್ಕೆ ನಿನ್ನ ಹೆಸರಲ್ಲಿ ಚೀಟಿ ಮಾಡಿಸಿದ್ದೇನೆ. ಸೊಪ್ಪನ್ನು ನಿನ್ನ ಗಂಡ ಬೈರಪ್ಪಣ್ಣ ಹಾಕಲಿ. ಕೂಟಗಲ್‌ನಿಂದ ಮೊದಲ ಬಸ್ಸಿಗೆ ಬಾ. ನೀನು ಬೈದದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ.