ಭುವನಾ ಬೆರಳೆತ್ತುವುದನ್ನು ಕಲಿತಳು

ಬ್ಯಾಡಗಿ
ರವಿವಾರ, ೧೯ ಜೂನ್ ೨೦೦೫

ಮಾತೃಶ್ರೀ ಸಮಾನರಾದ ಪ್ರೇಮವ್ವ ಅವರಿಗೆ,

ಪುಷ್ಪಲತಾಳ ನಮಸ್ಕಾರಗಳು.

ಭುವನಾ ನಿನ್ನೆ ನಾನಿಲ್ಲದೆಯೂ ಶಾಲೆಗೆ ಹೋದಳು. ಪ್ರಾರ್ಥನೆಯ ಸಾಲಿನಲ್ಲಿ ಅಳದೆ ನಿಂತಳು, ಮನೆಗೆ ಬಿಡುವ ಗಂಟೆ ಹೊಡೆಯುವ ತನಕ ಕುಳಿತಿದ್ದಳು. ಇದನ್ನು ತಿಳಿಸಿದವರು ನಮ್ಮ ಹೆಡ್‌ಮಾಸ್ತರ್ ಇಸ್ಮಾಯಿಲಸಾಬ ಸರ್. ನಾನು ಹಾವೇರಿಗೆ ತರಬೇತಿಗೆ ಹೋಗಿದ್ದರಿಂದ, ಸಂಜೆ ಸೈಕಲ್ ಮೇಲೆ ಮನೆಗೇ ಬಂದು ಹೇಳಿದರು. "ಅಳೂದು ಬಿಡ್ರಿ ಮೇಡಮ್, ಸಾಲು ಸೊಟ್ಟ ಆಗೇತಿ ಅಂತ ನನಗ ಬೈದ್ಲು."

ಪತ್ರ ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಶಾಲೆ ಸುರುವಾದಾಗಿನಿಂದ ಓಣಿ ಓಣಿ ತಿರುಗಿ ಮಕ್ಕಳನ್ನು ಕರೆತರುವುದು, ಪುಸ್ತಕ ಹಂಚುವುದು, ಇದರಲ್ಲೇ ದಿನ ಹೋಗುತ್ತಿದೆ. ಯುಗಾದಿಗೆ ಬಂದಾಗ ನೀವು ಎರಡು ಮಾತು ಕೇಳಿದ್ದಿರಿ. ಕೂಸು ಶಾಲೆಗೆ ಒಗ್ಗುತ್ತದೆಯೇ ಎಂಬುದು ಒಂದು. ನನ್ನನ್ನು ಏನೆಂದು ಕರೆಯುತ್ತದೆ ಎಂಬುದು ಇನ್ನೊಂದು. "ಶಾಲಿ ಸುರು ಆಗ್ಲಿ. ಒಗ್ಗಲಿಲ್ಲಂದ್ರ ನನ್ನ ಮಗಳ ಕೂಸನ್ನ ನಾ ಗಳಗನಾಥಕ್ಕ ಕರ್ಕೊಂಡು ಹೋಗ್ತೇನಿ," ಎಂದೂ ಹೇಳಿ ಹೋದಿರಿ. ನಿಮ್ಮ ಮಾತಿನಲ್ಲಿ ತಪ್ಪಿಲ್ಲ. ನೀಲಮ್ಮ ತೀರಿಕೊಂಡ ಮೇಲೆ ಈ ಮನೆಗೆ ಬಂದವಳು ನಾನು, ಬಂದು ಇನ್ನೂ ಎರಡು ವರ್ಷ ತುಂಬಿಲ್ಲ. ಮೊದಲನೆಯ ಮಾತಿಗೆ ಮೊದಲು ಉತ್ತರ ಬರೆಯುತ್ತೇನೆ.

ಭುವನಾ ಕೂಡುವುದು ನನ್ನದೇ ವರ್ಗದಲ್ಲಿ; ಒಂದನೇ ಇಯತ್ತೆಯಲ್ಲಿ ಮೊದಲು ಕಲಿಸುವುದು ಅಕ್ಷರವಲ್ಲ. ಚಪ್ಪಲಿ ಜೋಡಿಸಿ ಬಿಡುವುದು, ಮುಂದಿನವರ ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ನಿಲ್ಲುವುದು, ಒಂದಕ್ಕೆ ಹೋಗಬೇಕಾದರೆ ಕಿರುಬೆರಳು ಎತ್ತಿ ಕೇಳುವುದು, ಬಿಸಿಯೂಟಕ್ಕೆ ಕೈ ತೊಳೆದು ಕುಳಿತು ಎಲ್ಲರ ತಾಟಿಗೂ ನೀಡುವ ತನಕ ಕಾಯುವುದು. ಆಮೇಲೆ ಹುಣಸೆಬೀಜ ಕೊಟ್ಟು ದೊಡ್ಡವು ಒಂದು ಕಡೆ, ಸಣ್ಣವು ಒಂದು ಕಡೆ ಮಾಡಿಸುತ್ತೇವೆ. ಹೋದ ವಾರ ಒಬ್ಬ ಹುಡುಗ ಬೀಜವನ್ನು ಮೂಗಿಗೆ ಏರಿಸಿಕೊಂಡ. ಇಸ್ಮಾಯಿಲಸಾಬ ಸರ್ ತಮ್ಮ ನಶ್ಯದ ಡಬ್ಬಿ ತೆರೆದು ಅವನ ಮುಂದೆ ಹಿಡಿದರು. ಒಂದೇ ಸೀನಿಗೆ ಬೀಜ ಹೊರಗೆ ಬಿತ್ತು. ಮರುದಿನ ಬೀಜದ ಡಬ್ಬಿ ತೆರೆದೊಡನೆ ಮಕ್ಕಳೆಲ್ಲ ಸೀನತೊಡಗಿದರು. ಅದೂ ಪಾಠದಲ್ಲಿ ಇದೆ ಎಂದೇ ತಿಳಿದಿದ್ದರು. ಈ ವಾರ ರ, ಗ, ಸ, ದ ಸುರುವಾಗಿದೆ. ಭುವನಾ ನಮ್ಮ ತಿಜೋರಿಯ ಬಾಗಿಲ ಮೇಲೆ ಬಳಪದಿಂದ "ಗರಗಸ" ಎಂದು ಬರೆದಿದ್ದಾಳೆ. ಅಳಿಸಲು ಬಿಟ್ಟಿಲ್ಲ.

ಶಾಲೆಯಲ್ಲಿ ಕಲಿತದ್ದನ್ನೆಲ್ಲ ಮನೆಗೆ ತರುತ್ತಾಳೆ, ಅದೇ ಈಗ ನಮ್ಮ ಕಷ್ಟ. ಬಚ್ಚಲಿಗೆ ಹೋಗಬೇಕಾದರೂ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕಿರುಬೆರಳು ಎತ್ತುತ್ತಾಳೆ. "ಹೋಗ್ಲ್ಯಾ ಅಕ್ಕೋರ?" ಶಾಲೆಯ ಮಕ್ಕಳು ಶಿಕ್ಷಕಿಯರನ್ನು ಕರೆಯುವಂತೆ ಮನೆಯಲ್ಲೂ ಅಕ್ಕೋರ. ಮೊನ್ನೆ ನಾನು ರೊಟ್ಟಿ ಬಡಿಯುತ್ತ ಬೆರಳನ್ನು ನೋಡಲಿಲ್ಲ. ಹೊಸ್ತಿಲು ತೊಳೆಯಬೇಕಾಯಿತು.

ನಿಮ್ಮ ಅಳಿಯಂದಿರು ಮೆಣಸಿನಕಾಯಿ ಪೇಟೆಯ ಕೆಲಸ ಮುಗಿಸಿ ಹಸಿದು ಬರುತ್ತಾರೆ. ಮಂಗಳವಾರ ತಾಟಿನ ಮುಂದೆ ಕುಳಿತು ರೊಟ್ಟಿ ಮುರಿಯುವಷ್ಟರಲ್ಲಿ ಭುವನಾ ಅವರ ಕೈ ಹಿಡಿದಳು.

"ತಡಿ ಅಪ್ಪಾ. ಎಲ್ಲಾರಿಗೂ ನೀಡಿಲ್ಲ. ಅಕ್ಕೋರ ತಾಟು ಎಲ್ಲೈತಿ?"

"ಪ್ಯಾಟ್ಯಾಗ ಸಾವುಕಾರ್ರು ಕಾಯಿಸ್ತಾರ, ಮನ್ಯಾಗ ನೀ ಕಾಯಿಸ್ತಿ," ಎಂದು ಅವರು ನಕ್ಕರು. ನಾನು ಎಲ್ಲರದೂ ಆದ ಮೇಲೆ ಉಣ್ಣುವವಳು. ಆಕೆ ಒಪ್ಪಲಿಲ್ಲ, ತಾನೇ ಎದ್ದು ತಾಟು ತಂದಿಟ್ಟಳು. ಅಂದಿನಿಂದ ಮೂವರೂ ಒಟ್ಟಿಗೆ ಉಣ್ಣುತ್ತಿದ್ದೇವೆ.

ನಿಮ್ಮ ಮೊಣಕಾಲು ನೋವು ಹೇಗಿದೆ? ಅಲ್ಲಿ ಮಳೆ ಆಯಿತೆ? ಅಕ್ಷರ ದಪ್ಪವಾಗಿ ಬರೆದಿದ್ದೇನೆ, ಚಾಳೀಸು ಕೈಗೆ ಸಿಗದಿದ್ದರೂ ಓದಬಹುದು. ಭುವನಾಳ ಮೇಲೆ ನಿಮ್ಮ ಆಶೀರ್ವಾದ ಯಾವತ್ತೂ ಇದ್ದೇ ಇದೆ. ಅದರಲ್ಲಿ ಸ್ವಲ್ಪ ನನಗೂ ಇರಲಿ.

ನಿಮ್ಮ,
ಪುಷ್ಪಲತಾ

ತಾ. ಕ.: ಎರಡನೆಯ ಮಾತಿಗೆ ಉತ್ತರ ಉಳಿದಿದೆ. ನಾನು ಈ ಮನೆಗೆ ಬಂದಂದಿನಿಂದ ಶಾಲೆ ಸುರುವಾಗುವ ತನಕ ಭುವನಾ ನನ್ನನ್ನು ಏನೆಂದೂ ಕರೆದಿರಲಿಲ್ಲ. ಏನಾದರೂ ಬೇಕಾದರೆ ಸೆರಗು ಜಗ್ಗುತ್ತಿದ್ದಳು. ಕರೆಂಟು ಹೋಗಿ ಹೆದರಿಕೆಯಾದರೂ ಕೂಗುತ್ತಿರಲಿಲ್ಲ, ಇದ್ದಲ್ಲೇ ಕೂಡುತ್ತಿದ್ದಳು. ಕೂಗಲು ನನಗೊಂದು ಹೆಸರಿರಲಿಲ್ಲ. ಅವ್ವ ಅನ್ನು ಎಂದು ನಾನು ಹೇಳಲಿಲ್ಲ, ಅದು ನೀಲಮ್ಮನದು. ಶಾಲೆಯ ಮೊದಲ ದಿನ ಎಲ್ಲ ಮಕ್ಕಳಿಗೂ ನನ್ನನ್ನು ಅಕ್ಕೋರ ಎಂದು ಕರೆಯಲು ಹೇಳಿಕೊಟ್ಟೆ. ಅವರ ನಡುವೆ ಕುಳಿತು ಆಕೆಯೂ ಕರೆದಳು.

ಶುಕ್ರವಾರ ಪಕ್ಕದಲ್ಲಿ ಕೂಡುವ ತಬಸ್ಸುಮ್ ಎಂಬ ಹುಡುಗಿ ಆಕೆಯನ್ನು, "ಇವ್ರು ನಿಮ್ಮವ್ವ ಏನ?" ಎಂದು ಕೇಳಿದಳು. ನಾನು ಹಾಜರಿ ಹಾಕುತ್ತಿದ್ದೆ, ತಲೆ ಎತ್ತಲಿಲ್ಲ.

"ಅಲ್ಲ," ಅಂದಳು ಭುವನಾ. ಆಮೇಲೆ, "ನಮ್ಮ ಮನೀ ಅಕ್ಕೋರು. ಸಂಜೀಗೆ ನಮ್ಮ ಮನೀಗೆ ಬರ್ತಾರ. ನಿಮ್ಮ ಮನೀಗೆ ಬರಂಗಿಲ್ಲ."

ಉತ್ತರ ಅದೇ, ಅವ್ವಾರ. ಆ "ಅಲ್ಲ" ನನಗೆ ನೋವು ಮಾಡಿತು, ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೂ ನಾನು ತಿದ್ದಲಿಲ್ಲ. ನಿಮ್ಮ ಎದುರಿಗೂ ಆಕೆ ಹಾಗೇ ಕರೆಯುತ್ತಾಳೆ, ನೀವೂ ತಿದ್ದಬೇಡಿ. ಕರೆದುಕೊಂಡು ಹೋಗುವ ಮಾತನ್ನು ಆಕೆಯನ್ನು ಕಣ್ಣಾರೆ ನೋಡಿದ ಮೇಲೆ ಹೇಳಿ. ಬರುವ ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಹಾವೇರಿಯಿಂದ ಮಧ್ಯಾಹ್ನದ ಬಸ್ಸಿಗೆ ಗಳಗನಾಥಕ್ಕೆ ಬರುತ್ತೇವೆ.