ಮೂರನೆಯವಳಿಗೆ

ಕೊಪ್ಪ
೧೪ ಸೆಪ್ಟೆಂಬರ್ ೨೦೨೪

ನಾಹಿದಾ,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದೆ. ಏಳು ವರ್ಷ ಮಾತು ಬಿಟ್ಟವಳು ಹಾಗೆ ಬರೆದರೆ ನೀನು ನಕ್ಕುಬಿಡುತ್ತೀಯ. ಆದರೂ ಹೊಡೆದದ್ದರ ಕೆಳಗೆ ಅಕ್ಷರ ಕಾಣುವ ಹಾಗೇ ಬಿಟ್ಟಿದ್ದೇನೆ, ನೋಡಿಕೋ. ಫೋನ್ ಮಾಡೋಣವೆಂದರೆ ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಶಿವಮೊಗ್ಗದ ನಿನ್ನ ಲ್ಯಾಬಿನ ವಿಳಾಸವನ್ನು ನಿಮ್ಮ ಅಬ್ಬಾನ ಪೈಪಿನಂಗಡಿಯಲ್ಲಿ ಕೇಳಿ ಬರೆದುಕೊಂಡೆ. ಪತ್ರವನ್ನು ಬ್ಲಾಕ್ ಮಾಡಲು ಬರುವುದಿಲ್ಲ, ಹರಿದು ಹಾಕಬಹುದು ಅಷ್ಟೆ. ಓದಿ ಹರಿ.

ನಮ್ಮ ಅಕಾನೆ ಓಟ ನಿಲ್ಲಿಸಿದಳು. ನಿನಗೆ ಗೊತ್ತಾಯಿತೋ ಇಲ್ಲವೋ. ಅಕಾನೆ ಮಿಯಾಜಿ ಎಂಬ ಹೆಸರನ್ನು ಇಲ್ಲಿ ಯಾರೆದುರು ಹೇಳಲಿ? ಜಪಾನಿನ ಓಟಗಾರ್ತಿ ಅಂದರೆ, ಅವಳು ನಿಲ್ಲಿಸಿದರೆ ನಿಂಗೆಂತ ಮಾರಾಯ್ತಿ ಅಂತ ಕೇಳುತ್ತಾರೆ. ಅಳುವುದಕ್ಕೆ ಜೊತೆಗೆ ನೀನೊಬ್ಬಳೇ ಇದ್ದದ್ದು.

ಪಿಯುಸಿಯಲ್ಲಿದ್ದಾಗ ನನ್ನ ಚಿಕ್ಕಪ್ಪನ ಫೋನಿನಲ್ಲಿ ಅವಳನ್ನು ಮೊದಲು ಕಂಡೆವು. ಹಿಮ ಬೀಳುವ ಊರಿನವಳು. ಚಳಿಗಾಲವಿಡೀ ಮೈದಾನ ಮುಚ್ಚಿಹೋಗಿ, ಶಾಲೆಯ ಉದ್ದ ವರಾಂಡದಲ್ಲಿ ಓಡಿ ಕಲಿತವಳು ಎಂದು ವಿಡಿಯೋದ ಕೆಳಗೆ ಬರೆದಿತ್ತು. ಮಳೆಗಾಲ ಮುಗಿಯುವತನಕ ನಾವೂ ವರಾಂಡದಲ್ಲೇ ಓಡಿದವರಲ್ಲವೇ? ಆವತ್ತಿನಿಂದ ಅವಳು ನಮ್ಮವಳಾದಳು. ಹೈಸ್ಕೂಲಿನಲ್ಲಿದ್ದಾಗಲೇ ನೂರು ಮೀಟರಿನಲ್ಲಿ ಅವರ ದೇಶಕ್ಕೆ ಮೊದಲಿಗಳಾದಳು. ಆಮೇಲೆ ತೊಡೆಯ ಸ್ನಾಯು ಹರಿಯಿತು. ವಾಸಿಯಾಗಿ ಬರುವಷ್ಟರಲ್ಲಿ ಅವಳಿಗಿಂತ ಚಿಕ್ಕವರು ಮುಂದೆ ಹೋಗಿದ್ದರು, ಒಂಟಿ ಓಟದಲ್ಲಿ ಜಾಗ ಸಿಗಲಿಲ್ಲ. ಉಳಿದದ್ದು ರಿಲೇಯಲ್ಲಿ ಮೂರನೆಯ ಜಾಗ, ತಿರುವಿನ ಓಟ. ಫೋಟೊ ತೆಗೆಯುವವರು ಯಾರೂ ನಿಲ್ಲದ ಕಡೆ. ಹೊರಡುವಾಗಲೂ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಗೆಲ್ಲುವಾಗಲೂ ಅವಳ ಮುಖ ಟಿ.ವಿ.ಯಲ್ಲಿ ಬರುವುದಿಲ್ಲ. ಅದರಲ್ಲೇ ಇಷ್ಟು ವರ್ಷ ಓಡಿದಳು.

ಅವರ ತಂಡದ ಹಾಗೆ ಬೇಟನ್ನನ್ನು ಕೆಳಗಿನಿಂದ ಅಂಗೈಗೆ ಇಡುವುದನ್ನು ನಾವು ಕಲಿತದ್ದು ನೆನಪಿದೆಯಾ? ವಾಸಪ್ಪ ಮೇಷ್ಟ್ರು ಸೀಟಿ ಬಾಯಿಂದ ತೆಗೆದು, ಎಂತ ಮಾರಾಯ್ತಿ ಇದು, ಮೇಜಿನಡಿ ಲಂಚ ಕೊಟ್ಟ ಹಾಗೆ ಕಾಣ್ತದೆ ಅಂದಿದ್ದರು. ನೀನು ನಕ್ಕು ನಕ್ಕು ನೆಲಕ್ಕೇ ಕೂತುಬಿಟ್ಟಿದ್ದೆ. ನಿಮ್ಮ ಅಬ್ಬಾ ಕತ್ತರಿಸಿ ಕೊಟ್ಟ ನೀರಿನ ಪೈಪಿನ ತುಂಡೇ ನಮ್ಮ ಬೇಟನ್. ನಾನು ಎರಡನೆಯವಳು, ನೀನು ಮೂರನೆಯವಳು. ಕಾಲೇಜಿನಲ್ಲಿ ನಮ್ಮ ಹೆಸರೇ ಹಾಗಾಗಿತ್ತು.

ಅಕಾನೆಯ ಕಡೆಯ ಓಟ ಅವಳ ಊರಿನಲ್ಲೇ ಇತ್ತು. ಮುಗಿಸಿ, ಟ್ರ್ಯಾಕಿಗೆ ಸೊಂಟ ಬಗ್ಗಿಸಿ ವಂದಿಸಿದಳು. ಏನು ನೆನಪುಳಿಯುತ್ತದೆ ಎಂದು ಕೇಳಿದವರಿಗೆ, ಹೊರಟ ಮೇಲೆ ಹಿಂದಿನವಳ ಮುಖವನ್ನು ನಾನು ನೋಡಿದವಳೇ ಅಲ್ಲ, ಅವಳ ಕಾಲಿನ ಸದ್ದು ಮಾತ್ರ ನೆನಪು ಅಂದಳಂತೆ. ಸ್ಟಾಫ್ ರೂಮಿನಲ್ಲಿ ಕೂತು ಅದನ್ನು ಓದಿ ನನಗೆ ತಡೆಯಲಾಗಲಿಲ್ಲ. ಒಮ್ಮೆ ಅವಳ ಕೈಯಿಂದಲೂ ಬೇಟನ್ ಬಿದ್ದಿತ್ತಲ್ಲ, ಏಷ್ಯಾದ ಕೂಟದಲ್ಲಿ. ಮುಂದಿನ ವರ್ಷ, ಆವತ್ತು ಬೇಟನ್ ಕೊಡಲು ಬಂದಿದ್ದ ಅದೇ ಹುಡುಗಿಯ ಮುಂದೆ ನಿಂತು, ಅವಳಿಗೇ ಕೈ ಹಿಂದೆ ಚಾಚಿದಳು. ನಾವಿಬ್ಬರೂ ಹಾಗೆ ಮಾಡಲಿಲ್ಲ.

ಈಗ ಆ ದಿನದ ಮಾತು. ರಾಜ್ಯ ಮಟ್ಟದ ಕೂಟಕ್ಕೆ ಬೆಂಗಳೂರಿಗೆ ಹೋಗುವಾಗ ದಾರಿಯಲ್ಲಿ ಬಸ್ ಕೆಟ್ಟಿತು. ಬೆಳಗಿನ ಅಭ್ಯಾಸ ತಪ್ಪಿತು, ನೇರವಾಗಿ ಓಟಕ್ಕೇ ನಿಂತೆವು. ಕೊಪ್ಪದ ಮೈದಾನದಲ್ಲಿ ನೀನು ನಿಲ್ಲುವ ಜಾಗದಿಂದ ಹಿಂದಕ್ಕೆ ಚಪ್ಪಲಿಯಿಂದ ಅಳೆದಿಟ್ಟುಕೊಂಡ ಅಳತೆಗೇ ಅಲ್ಲಿಯೂ ಗುರುತಿನ ಟೇಪು ಅಂಟಿಸಿದೆವು. ನಾನು ಆ ಗುರುತು ದಾಟಿದ ಕೂಡಲೇ ನೀನು ಹೊರಡಬೇಕು, ಹಿಂದೆ ತಿರುಗಬಾರದು. ನೀನು ಹಾಗೇ ಹೊರಟೆ. ನಾನು ಜೀವ ಬಿಟ್ಟು ಓಡಿದರೂ ನೀನು ಸಿಗಲಿಲ್ಲ. ಬೇಟನ್ ನಿನ್ನ ಬೆರಳ ತುದಿಗೆ ತಾಗಿ ಬಿತ್ತು.

ಊರಿಗೆ ಬಂದ ಮೇಲೆ ಕೆಲವರು ನನಗೆ ಉಸಿರು ಸಾಲಲಿಲ್ಲ ಅಂದರು. ಉಳಿದವರೆಲ್ಲ ನಿನ್ನನ್ನೇ ಅಂದರು. ಜಂಬದಲ್ಲಿ ಮೊದಲೇ ಓಡಿದಳು ಅಂದರು. ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಕರಿಯಕ್ಕ ಕೂಡ, ಒಂಚೂರು ತಿರುಗಿ ನೋಡಿದ್ರೆ ಎಂತ ಆಗ್ತಿತ್ತು ಕೂಸೇ ಅಂತ ನಿನ್ನನ್ನು ಕೇಳಿದಳಂತೆ. ನೀನು ಶೂ ಬಿಚ್ಚಿದವಳು ಮತ್ತೆ ಹಾಕಲಿಲ್ಲ. ನಮ್ಮನೆಯಲ್ಲಿ ಇನ್ನು ಯಾರೂ ಓಡಬಾರದು ಅಂತ ಹೇಳಿ ಶಿವಮೊಗ್ಗಕ್ಕೆ ಹೋದೆ. ನೀನು ಬೇಗ ಹೊರಟೆ ಅಂತ ನನಗೆ ಸಿಟ್ಟು, ನಾನು ನಿಧಾನಿಸಿದೆ ಅಂತ ನಿನಗೆ. ಇಬ್ಬರೂ ಆ ಸಿಟ್ಟನ್ನು ಚೆನ್ನಾಗಿಯೇ ಸಾಕಿಕೊಂಡೆವು.

ಈ ಜೂನಿನಿಂದ ನಾನು ನಮ್ಮ ಕಾಲೇಜಿನಲ್ಲೇ ಅತಿಥಿ ಉಪನ್ಯಾಸಕಿ. ಕನ್ನಡ ಪಾಠ ಮುಗಿಸಿ, ವಾಸಪ್ಪ ಮೇಷ್ಟ್ರ ಕೈಕೆಳಗೆ ಹುಡುಗಿಯರಿಗೆ ಓಟ ಹೇಳಿಕೊಡುತ್ತೇನೆ. ಹೋದ ತಿಂಗಳು ಮಳೆ ಬಿಟ್ಟಿತೆಂದು ಮೈದಾನಕ್ಕೆ ಸುಣ್ಣದ ಗೆರೆ ಹಾಕಿಸಿದೆ. ಗೆರೆ ಒಣಗುವ ಮೊದಲೇ ಮಳೆ ಹೊಯ್ಯಿತು. ವರಾಂಡದಲ್ಲಿ ನಿಂತು ನೋಡುತ್ತೇನೆ, ಸುಣ್ಣದ ನೀರೆಲ್ಲ ಒಂದೇ ಕಡೆ ಹರಿಯುತ್ತಿದೆ. ನಾನು ಓಡಿ ಬರುತ್ತಿದ್ದ ನೇರ ಭಾಗದಿಂದ ನೀನು ನಿಲ್ಲುತ್ತಿದ್ದ ತಿರುವಿಗೆ.

ಹೊಸ ಶೌಚಾಲಯ ಕಟ್ಟುತ್ತಿದ್ದ ಗಾರೆಯವರಿಂದ ಮಟ್ಟ ನೋಡುವ ನೀರಿನ ಟ್ಯೂಬು ಕೇಳಿ ತಂದು ಹಿಡಿದು ನೋಡಿದೆ. ಆ ತಿರುವಿನ ಕಡೆಗೆ ಮೈದಾನ ಇಳಿದಿದೆ ನಾಹಿದಾ. ಆ ತುದಿಗೂ ಈ ತುದಿಗೂ ಸೊಂಟದೆತ್ತರದಷ್ಟು ವ್ಯತ್ಯಾಸ. ಕೊಪ್ಪದಲ್ಲಿ ಹುಟ್ಟಿದವರಿಗೆ ಏರು ಅಂದರೆ ಏದುಸಿರು ಬರಬೇಕು, ಇಳಿಜಾರು ಅಂದರೆ ಬ್ರೇಕ್ ಹಿಡಿಯಬೇಕು. ಮಿಕ್ಕಿದ್ದೆಲ್ಲ ನಮ್ಮ ಲೆಕ್ಕಕ್ಕೆ ಸಮತಟ್ಟು. ಇಳಿಜಾರಿನಲ್ಲಿ ನಾನು ನುಗ್ಗಿ ಬರುವ ವೇಗಕ್ಕೆ ಇಟ್ಟ ಗುರುತನ್ನು ನಾವು ಬೆಂಗಳೂರಿನ ಸಮ ನೆಲದ ಮೇಲೆ ಇಟ್ಟೆವು. ನೀನು ಬೇಗ ಹೊರಡಲಿಲ್ಲ, ನಾನು ನಿಧಾನಿಸಲೂ ಇಲ್ಲ. ಮೇಷ್ಟ್ರಿಗೆ ತೋರಿಸಿದೆ. ಅವರು ಟ್ಯೂಬಿನ ನೀರು ನೋಡಿ, ಅಯ್ಯೋ ಮಕ್ಳೇ ಅಂದರು.

ಇಷ್ಟಕ್ಕೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಕಳೆದದ್ದು ಕಳೆಯಿತು ಅಂದುಕೊಳ್ಳುತ್ತಿದ್ದೆ. ಬರೆಯುತ್ತಿರುವುದು ಈಗಿನ ಮೂರನೆಯವಳಿಗಾಗಿ. ಯಾರ ಮಗಳು ಅಂತ ಕೇಳಬೇಡ. ತಿರುವಿನಲ್ಲಿ ಅವಳಷ್ಟು ಚೆನ್ನಾಗಿ ಓಡುವವರನ್ನು ನಿನ್ನ ಬಿಟ್ಟರೆ ನಾನು ಕಂಡಿಲ್ಲ. ಆದರೆ ಹೊರಟು ನಾಲ್ಕು ಹೆಜ್ಜೆಗೆ ಕುತ್ತಿಗೆ ಹಿಂದೆ ತಿರುಗುತ್ತದೆ. ತಿರುಗಿದ ಕೂಡಲೇ ವೇಗ ಸತ್ತುಹೋಗುತ್ತದೆ. ನರಸಿಂಹರಾಜಪುರದಲ್ಲಿ ಗೆದ್ದ ಓಟವನ್ನೇ ಹೀಗೆ ಕಳೆದುಕೊಂಡೆವು. ಇನ್ನೊಂದು ಸಲ ತಿರುಗಿದ್ರೆ ಬೇರೆಯವಳನ್ನು ನಿಲ್ಲಿಸೂದೇ ಅಂತ ಮೇಷ್ಟ್ರು ಹೇಳಿಬಿಟ್ಟಿದ್ದಾರೆ. ಈ ತಿಂಗಳ ಕೊನೆಗೆ ಶೃಂಗೇರಿಯಲ್ಲಿ ಕೂಟ ಇದೆ. ಟ್ಯೂಬಿನ ಇನ್ನೊಂದು ತುದಿ ಹಿಡಿಸಿ ನಮ್ಮ ಕಥೆಯನ್ನೆಲ್ಲ ಅವಳಿಗೆ ಹೇಳಿದೆ. ಮರುದಿನ ಮತ್ತೆ ತಿರುಗಿದಳು. ನನ್ನ ಮಾತನ್ನು ಅವಳು ಹೇಗೆ ನಂಬುತ್ತಾಳೆ, ಆವತ್ತು ಬೇಟನ್ ಬೀಳಿಸಿದವರಲ್ಲಿ ನಾನೂ ಒಬ್ಬಳಲ್ಲವೇ?

ನೀನೇ ಬರಬೇಕು. ಇಪ್ಪತ್ತೆರಡರ ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಬಾ. ನನ್ನ ಹತ್ತಿರ ಮಾತಾಡಲೇಬೇಕು ಅಂತಿಲ್ಲ. ನನಗೆ ನಿನ್ನ ಮೇಲೆ ಈಗ ಸಿಟ್ಟಿಲ್ಲ, ಬೇಜಾರು ತುಂಬ ಇದೆ, ನೀನಿಲ್ಲದೆ ಕಳೆದದ್ದಕ್ಕೆ. ಸುಣ್ಣದ ಗೆರೆಯ ಮೇಲೆ ನಿಂತು ಆ ಹುಡುಗಿಗೆ ಒಂದು ಮಾತು ಹೇಳಿ ಹೋಗು.

ನಿನ್ನ ಎರಡನೆಯವಳು,
ಭವ್ಯ

ಮರೆತ ಮಾತು: ಮರೆತದ್ದಲ್ಲ, ಬರೆಯುವುದಿಲ್ಲ ಅಂತ ಆ ಹುಡುಗಿಗೆ ಮಾತು ಕೊಟ್ಟಿದ್ದೆ. ಪತ್ರ ಅಂಟಿಸುವ ಹೊತ್ತಿಗೆ ಆ ಮಾತು ಉಳಿಸಿಕೊಳ್ಳಲು ಆಗುತ್ತಿಲ್ಲ. ಅವಳು ಸಬೀಹಾ, ನಿನ್ನ ತಂಗಿ. ನಿನಗೆ ಹೆದರಿ ಮನೆಯಲ್ಲಿ ಎಲ್ಲರೂ ಮುಚ್ಚಿಟ್ಟಿದ್ದಾರೆ. ಈ ಸಲದ ಬೇಟನ್ನನ್ನೂ ನಿಮ್ಮ ಅಬ್ಬಾನೇ ಕತ್ತರಿಸಿ ಕೊಟ್ಟರು. ಯಾಕೆ ತಿರುಗ್ತೀಯ ಅಂತ ನಿನ್ನೆ ಅವಳನ್ನು ಕೇಳಿದೆ. ಆಪಾ ಒಂದ್ಸಲ ತಿರುಗಿ ನೋಡಿದ್ರೆ ಬೇಟನ್ ಬೀಳ್ತಿರ್ಲಿಲ್ಲ ಅಂತ ಎಲ್ಲರೂ ಹೇಳ್ತಾರಲ್ಲ ಮಿಸ್, ಅದಕ್ಕೆ ಅಂದಳು.